ಕತ್ತಲಲ್ಲಿ ಹೊಳೆಯುವ ಶೇಂಗಾ ವಿಷ

ನನ್ನ ಲ್ಯಾಬಿಗೆ ಬರುವ ಸ್ಯಾಂಪಲ್ಲುಗಳಲ್ಲಿ ದಾವಣಗೆರೆ ಕಡೆಯ ಮೆಕ್ಕೆಜೋಳ, ಚಳ್ಳಕೆರೆ ಕಡೆಯ ಶೇಂಗಾ, ಇವೆರಡೇ ಜಾಸ್ತಿ. ಸರಿಯಾಗಿ ಒಣಗದ ಕಾಳು ಚೀಲ ಸೇರಿದರೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟು ಉಗುಳುವ ವಿಷವೇ ಅಫ್ಲಾಟಾಕ್ಸಿನ್. ಧಾನ್ಯದಲ್ಲಿ ಅದರ ಮಿತಿ ಕೆಜಿಗೆ 15 ಮೈಕ್ರೋಗ್ರಾಂ. ಟನ್ನಿಗೆ ಲೆಕ್ಕ ಹಾಕಿದರೆ 15 ಮಿಲಿಗ್ರಾಂ ಅಷ್ಟೇ.

“ಅಷ್ಟು ಕಡಿಮೆ ಇರೋದು ನಿನಗೆ ಹೆಂಗೆ ಕಾಣುತ್ತೋ ಅಳಿಯಾ?” ಅಂತ ಚಳ್ಳಕೆರೆಯ ಸೋದರಮಾವ ಕೇಳುತ್ತಾರೆ. ಎಣ್ಣೆ ಮಿಲ್ಲಿನಲ್ಲೇ ತಲೆ ನರೆತವರು. ಸುಮ್ನೆ ನಂಬುವ ಆಸಾಮಿ ಅಲ್ಲ.

ಅವರಿಗೆ ಬೀಡಿ ಲೆಕ್ಕದಲ್ಲೇ ಹೇಳಿದೆ. ಮಟಮಟ ಮಧ್ಯಾಹ್ನ ಹೊಲದಾಚೆ ಯಾರೋ ಬೀಡಿ ಸೇದಿದರೆ ಕಿಡಿ ಕಾಣುವುದಿಲ್ಲ. ಅಮಾವಾಸ್ಯೆ ರಾತ್ರಿ ಕಾಣುತ್ತದೆ, ಅಲ್ವಾ? ದ್ರಾವಣದಲ್ಲಿರುವುದನ್ನು ಬಿಡಿಸಿ ಅಳೆಯುವ ಯಂತ್ರವಾದ ಎಚ್‌ಪಿಎಲ್‌ಸಿಯ ಮಾಮೂಲಿ ಯುವಿ (ನೇರಳಾತೀತ ಬೆಳಕಿನ) ಡಿಟೆಕ್ಟರ್ ಮಧ್ಯಾಹ್ನದಲ್ಲಿ ಕೆಲಸ ಮಾಡುತ್ತದೆ: ಜೋರು ಬೆಳಕಿನಲ್ಲಿ ಎಷ್ಟು ಚೂರು ಕಡಿಮೆಯಾಯಿತು ಅಂತ ಹುಡುಕಬೇಕು. ಫ್ಲೋರೆಸೆನ್ಸ್ ಡಿಟೆಕ್ಟರಿನದು ರಾತ್ರಿ ಪಾಳಿ. ಬೇರ್ಪಡಿಸುವ ಕೊಳವೆ, ಅಂದರೆ ಕಾಲಮ್ಮಿನಿಂದ ಬಿಡಿಬಿಡಿಯಾಗಿ ಹೊರಬರುವ ವಿಷದ ಮೇಲೆ 365 ನ್ಯಾನೋಮೀಟರಿನ ಬೆಳಕು ಬಿಟ್ಟರೆ ಅದು ತಾನೇ ಹೊಳೆಯುತ್ತದೆ. ನಾವು ಅಳೆಯುವ ಅಫ್ಲಾಟಾಕ್ಸಿನ್ ನಾಲ್ಕು ಬಗೆ: ಬಿ ಗುಂಪು (ಬಿ1, ಬಿ2) ನೀಲಿ, ಜಿ ಗುಂಪು (ಜಿ1, ಜಿ2) ಹಸಿರು. ಆ ಹೊಳಪನ್ನು ಪಕ್ಕದಿಂದ, ಲಂಬ ಕೋನದಲ್ಲಿ ಹಿಡಿಯುತ್ತೇವೆ. ದೀಪದ ಬೆಳಕು ನೇರ ಬೀಳದ ಕಾರಣ ಹಿನ್ನೆಲೆ ಹೆಚ್ಚು ಕಡಿಮೆ ಕತ್ತಲೆ.

ಇಲ್ಲೊಂದು ತರಲೆ ಇದೆ. ನಾಲ್ಕರಲ್ಲಿ ತುಂಬಾ ಅಪಾಯದ ಬಿ1, ಅದರ ಜೊತೆಗೆ ಜಿ1, ನೀರು ಬೆರೆತ ದ್ರಾವಣದಲ್ಲಿ ಮಂಕಾಗಿಬಿಡುತ್ತವೆ. ಬಿ2, ಜಿ2 ಮಾತ್ರ ಚೆನ್ನಾಗಿ ಹೊಳೆಯುತ್ತವೆ. ಅದಕ್ಕೇ ಕಾಲಮ್ಮಿಗೂ ಡಿಟೆಕ್ಟರಿಗೂ ನಡುವೆ 254 ನ್ಯಾನೋಮೀಟರಿನ ಯುವಿ ದೀಪಕ್ಕೆ ಸುತ್ತಿದ ಟೆಫ್ಲಾನ್ ನಳಿಗೆ ಇಟ್ಟಿದ್ದೇವೆ. ಅದರೊಳಗೆ ಹಾಯುವಾಗ ಬಿ1, ಜಿ1ರ ಅಂಚಿನ ಜೋಡಿ ಬಂಧಕ್ಕೆ ನೀರು ಸೇರಿಕೊಳ್ಳುತ್ತದೆ, ಹೊಳಪು ಬರುತ್ತದೆ. ಹೊಸ ಹುಡುಗರು ಬಂದರೆ ಆ ದೀಪ ಆರಿಸಿ ಒಂದು ರನ್ ತೋರಿಸುತ್ತೇನೆ. ಗ್ರಾಫಿನಲ್ಲಿ ಬಿ1, ಜಿ1ರ ಎರಡು ಪೀಕ್ (ಶಿಖರ) ಕುಗ್ಗಿ ಕೂರುತ್ತವೆ, ಉಳಿದೆರಡು ಅಲ್ಲಾಡುವುದಿಲ್ಲ. ಪಾಠಕ್ಕಿಂತ ಇದು ಬೇಗ ತಲೆಗೆ ಹತ್ತುತ್ತದೆ.

ಮಾವನಿಗೆ ಈ ರಸಾಯನ ಬೇಕಿಲ್ಲ. ಅವರ ಚಿಂತೆ ಎಣ್ಣೆಯದು. ನಾನು ಕೇಳುವುದು ಹಿಂಡಿಯ ಬಗ್ಗೆ, ಏಕೆಂದರೆ ವಿಷದ ದೊಡ್ಡ ಪಾಲು ಅದರಲ್ಲೇ ಉಳಿಯುತ್ತದೆ. ಅದನ್ನು ತಿಂದ ಹಸುವಿನ ಹಾಲಿಗೆ ಬಿ1, ಎಂ1 ಆಗಿ ಇಳಿಯುತ್ತದೆ. ಹಾಲಿನಲ್ಲಿ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ. ಪುಣ್ಯಕ್ಕೆ ಎಂ1 ಕೂಡ ಹೊಳೆಯುತ್ತದೆ, ಅದಕ್ಕೆ ಆ ಹೆಚ್ಚುವರಿ ದೀಪವೂ ಬೇಕಿಲ್ಲ.