‘ಡಾರ್ಕ್’ ಮೂರನೇ ಸೀಸನ್ ಹಾಳಾಗಿದೆಯಾ? ಕೇಳುವವರಿಗೆಲ್ಲ ನನ್ನ ಉತ್ತರ

‘ಡಾರ್ಕ್’ ಸರಣಿಯ ಎರಡು ಸೀಸನ್ ಮುಗಿಸಿದವರು ಯಾರೇ ಸಿಗಲಿ, ಕೇಳುವುದು ಒಂದೇ. ಮೂರನೇ ಸೀಸನ್ ಹಾಳು ಮಾಡಿದ್ದಾರಂತಲ್ಲ, ನೋಡಬೇಕಾ, ಬಿಡಬೇಕಾ? ಕಾರವಾರದ ಗೆಳೆಯರು ಕೇಳುತ್ತಾರೆ, ಶಿರಸಿಗೆ ಹೋದರೆ ಅತ್ತೆಯ ಮಕ್ಕಳು ಕೇಳುತ್ತಾರೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೂತಾಗಲೂ ಪಕ್ಕದವರು ಇದನ್ನೇ ಕೇಳಿದ್ದಾರೆ. ನನ್ನ ಉತ್ತರ: ನೋಡಲೇಬೇಕು, ಹಾಳಾಗಿಲ್ಲ. ಆದರೆ ಬೈದವರ ಮಾತಿನಲ್ಲೂ ಹುರುಳಿದೆ. ಅದನ್ನು ಹೇಳದೆ ಸುಮ್ನೆ ‘ನೋಡು ಮಾರಾಯಾ’ ಅಂದುಬಿಟ್ಟರೆ ಸರಿಯಾಗುವುದಿಲ್ಲ.

ನೋಡದವರಿಗೆ ಸ್ವಲ್ಪ ಹಿನ್ನೆಲೆ. ‘ಡಾರ್ಕ್’ ನೆಟ್‌ಫ್ಲಿಕ್ಸ್‌ನ ಮೊದಲ ಜರ್ಮನ್ ಸರಣಿ. ಬಾರನ್ ಬೋ ಓಡರ್ ಮತ್ತು ಯಾಂಟ್ಯೆ ಫ್ರೀಸೆ ಇದನ್ನು ಕಟ್ಟಿದವರು. ಮೊದಲ ಸೀಸನ್ 2017ರ ಡಿಸೆಂಬರ್‌ನಲ್ಲಿ ಬಂತು, ಎರಡನೆಯದು 2019ರ ಜೂನ್‌ನಲ್ಲಿ, ಮೂರನೆಯದು 2020ರ ಜೂನ್ 27ಕ್ಕೆ. ಕಥೆಯೊಳಗೆ ಪ್ರಳಯ ಆಗುವುದೂ ಅದೇ ದಿನ, ಬೇಕೆಂದೇ ಹಾಗೆ ಇಟ್ಟಿದ್ದರು. ಮೂರೂ ಸೇರಿ 26 ಕಂತು. ವಿಂಡೆನ್ ಅಂತ ಒಂದು ಊರು, ಸುತ್ತ ಕಾಡು, ಕಾಡಿನ ಪಕ್ಕ ಅಣುಸ್ಥಾವರ, ಕಾಡಿನೊಳಗೆ ಒಂದು ಗುಹೆ. ಗುಹೆ ದಾಟಿದರೆ 33 ವರ್ಷ ಹಿಂದಕ್ಕೋ ಮುಂದಕ್ಕೋ ಹೋಗುತ್ತೀರಿ. ಮಿಕೆಲ್ ಅನ್ನುವ ಹುಡುಗ 2019ರಲ್ಲಿ ಕಾಣೆಯಾಗಿ 1986ರಲ್ಲಿ ಎದ್ದು ಬರುತ್ತಾನೆ. ಉಲ್ರಿಕ್ ಅವನ ಅಪ್ಪ, ಮಾರ್ಥಾ ಅಕ್ಕ. ಮಿಕೆಲ್ ಆ ಕಾಲದಲ್ಲೇ ಬೆಳೆದು ಹಾನಾಳನ್ನು ಮದುವೆಯಾಗುತ್ತಾನೆ, ಅವರ ಮಗ ಯೋನಾಸ್ ಕಥೆಯ ನಾಯಕ. ಅಲ್ಲಿಂದ ಎಲ್ಲವೂ ಶುರು. ಮೊದಲ ಎರಡು ಸೀಸನ್‌ನ ಗುಟ್ಟುಗಳು ಇಲ್ಲಿ ಬರುತ್ತವೆ, ಮೂರನೆಯದರ ಕೊನೆ ಬರುವಾಗ ಮೊದಲೇ ಹೇಳುತ್ತೇನೆ.

ಜನ ಸಿಟ್ಟಾಗುವುದು ಮೊದಲ ಮೂರು ಕಂತುಗಳಲ್ಲಿ. ಎರಡನೇ ಸೀಸನ್ ಮುಗಿಯುವಾಗ ಇನ್ನೊಬ್ಬಳು ಮಾರ್ಥಾ ಬಂದು ನಿಲ್ಲುತ್ತಾಳೆ, ಬೇರೆ ಕಾಲದಿಂದ ಅಲ್ಲ, ಬೇರೆ ಲೋಕದಿಂದ. ಮೂರನೇ ಸೀಸನ್ ಆ ಲೋಕದಲ್ಲೇ ಶುರುವಾಗುತ್ತದೆ. ಅಲ್ಲಿ ಮಿಕೆಲ್ 1986ಕ್ಕೆ ಹೋಗಿಯೇ ಇಲ್ಲ, ಹಾಗಾಗಿ ಯೋನಾಸ್ ಹುಟ್ಟಿಯೇ ಇಲ್ಲ. ಉಲ್ರಿಕ್ ಹೆಂಡತಿಯನ್ನು ಬಿಟ್ಟು ಹಾನಾ ಜೊತೆ ಸಂಸಾರ ಮಾಡಿದ್ದಾನೆ. 18 ಕಂತು ಕಷ್ಟಪಟ್ಟು, ಹಾಳೆಯ ಮೇಲೆ ಗೆರೆ ಎಳೆದು ಯಾರು ಯಾರ ಮಗ ಅಂತ ಲೆಕ್ಕ ಇಟ್ಟವರಿಗೆ ಮತ್ತೆ ಮೊದಲಿನಿಂದ ಕಲಿಯಿರಿ ಅಂದರೆ ಸಿಟ್ಟು ಬರದೇ ಇರುತ್ತದಾ? ಮಾರ್ಥಾಳ ಹಣೆಯ ಮೇಲಿನ ಕೂದಲು ನೋಡಿ ಇದು ಯಾವ ಲೋಕ ಅಂತ ಗುರುತು ಹಿಡಿಯಬೇಕು. ತುಂಬ ಜನ ಇಲ್ಲಿಗೇ ನಿಲ್ಲಿಸಿ, ‘ಹಾಳು ಮಾಡಿದರು’ ಅಂತ ಸಾರಿಬಿಟ್ಟರು. ನಮ್ಮ ಕಿವಿಗೆ ಬಿದ್ದಿರುವುದು ಹೆಚ್ಚಾಗಿ ಈ ಅರ್ಧಕ್ಕೆ ಬಿಟ್ಟವರ ಮಾತೇ.

ಸಂಬಂಧಗಳು ತಲೆಗೆ ಹೋಗುವುದಿಲ್ಲ ಅನ್ನುವ ದೂರನ್ನು ಮಾತ್ರ ನಾನು ನಮ್ಮ ಜಿಲ್ಲೆಯವರಿಂದ ಒಪ್ಪುವುದಿಲ್ಲ. ಕಾನ್‌ವಾಲ್ಡ್, ನೀಲ್ಸನ್, ಡಾಪ್ಲರ್, ಟೀಡೆಮಾನ್ ಅಂತ ನಾಲ್ಕೇ ಮನೆ. ನಮ್ಮಲ್ಲಿ ಯಾವ ಮನೆಯ ಹೆಣ್ಣು ಯಾವ ಊರಿಗೆ ಹೋಗಿದೆ, ಅವಳ ಅತ್ತೆ ಯಾರ ತಂಗಿ ಅಂತ ಮೂರು ತಲೆಮಾರು ನೆನಪಿಟ್ಟವರು ಮನೆಗೊಬ್ಬರು ಇರುತ್ತಾರೆ. ನಮ್ಮ ಆಯಿಗೆ ಸಬ್‌ಟೈಟಲ್ ಓದುವುದು ಕಷ್ಟ, ನಾನು ಪಕ್ಕದಲ್ಲಿ ಕೂತು ಹೇಳುತ್ತಿದ್ದೆ. ಸಂಬಂಧಗಳನ್ನು ನನಗಿಂತ ಬೇಗ ಹಿಡಿದದ್ದು ಅವಳೇ. ಎಲಿಸಬೆತ್ ಶಾರ್ಲೊಟ್‌ಳ ಮಗಳು, ಹಾಗೆಯೇ ಅವಳ ತಾಯಿಯೂ ಹೌದು ಅಂತ ಗೊತ್ತಾದಾಗ ಒಂದು ಗಳಿಗೆ ಸುಮ್ಮನಿದ್ದು ಕೇಳಿದಳು, ‘ಹಂಗಾರೆ ಇವ್ರಲ್ಲಿ ಯಾರು ಸತ್ತರೆ ಯಾರಿಗೆ ಸೂತಕ ತಮಾ?’ ಆ ಸಂಬಂಧ ಎಷ್ಟು ಭಯಂಕರ ಅಂತ ನನಗೆ ಸರಿಯಾಗಿ ತಟ್ಟಿದ್ದು ಆಗಲೇ. ಅಳುವುದಕ್ಕೂ ಒಂದು ಕ್ರಮ ಇರುತ್ತದಲ್ಲ, ಈ ಊರಿನವರಿಗೆ ಅದೂ ಇಲ್ಲ.

33 ವರ್ಷ ಯಾಕೆ ಅಂತಲೂ ಕೇಳುತ್ತಾರೆ. ಅದು ಸುಮ್ಮನೆ ಇಟ್ಟ ಸಂಖ್ಯೆ ಅಲ್ಲ. ಹನ್ನೆರಡು ಚಾಂದ್ರಮಾಸಕ್ಕೆ ಸುಮಾರು 354 ದಿನ, ಸೂರ್ಯನ ವರ್ಷಕ್ಕೆ 365. ಪ್ರತಿ ವರ್ಷ 11 ದಿನ ಹಿಂದೆ ಬೀಳುತ್ತದೆ, 33 ವರ್ಷಕ್ಕೆ ಹೆಚ್ಚುಕಡಿಮೆ ಒಂದು ಇಡೀ ವರ್ಷವೇ ಆಗಿ ಎರಡೂ ಮತ್ತೆ ಜೊತೆಗೆ ಬಂದು ನಿಲ್ಲುತ್ತವೆ. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಸೇರಿಸಿ ಸರಿ ಮಾಡಿಕೊಳ್ಳುತ್ತೇವೆ, ಹಾಗಾಗಿ ಇದು ಕಣ್ಣಿಗೆ ಬೀಳುವುದಿಲ್ಲ. ಭಟ್ಕಳದವರಿಗೆ ಕೇಳಿ, ಚೆನ್ನಾಗಿ ಗೊತ್ತಿರುತ್ತದೆ. ರಂಜಾನ್ ಮಳೆಗಾಲಕ್ಕೂ ಬರುತ್ತದೆ, ಚಳಿಗೂ ಬರುತ್ತದೆ, ತಿರುಗಿ ಬೇಸಿಗೆಗೂ ಬರುತ್ತದೆ. 1986ರಲ್ಲಿ ರಂಜಾನ್ ಉಪವಾಸ ಶುರುವಾಗಿದ್ದು ಮೇ ತಿಂಗಳಲ್ಲಿ, 2019ರಲ್ಲೂ ಮೇ ತಿಂಗಳಲ್ಲೇ. ಸರಣಿಯ ಎರಡು ಮುಖ್ಯ ವರ್ಷಗಳೂ ಇವೇ, ನೋಡಿ! ಇದು ಗೊತ್ತಾದ ಮೇಲೆ ಆ ಗುಹೆ ನನಗೆ ಇನ್ನಷ್ಟು ಹತ್ತಿರವಾಯಿತು.

ಬೈಗುಳದಲ್ಲಿ ಗಟ್ಟಿಯಾದದ್ದು ಬೇರೆ ಇದೆ. ಎರಡು ಸೀಸನ್ ಉದ್ದಕ್ಕೂ ಈ ಕಥೆಗೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಆದದ್ದು ಆಗಿಯೇ ಆಗುತ್ತದೆ, ತಪ್ಪಿಸಲು ಹೋದವನೇ ಅದಕ್ಕೆ ಕಾರಣ ಆಗುತ್ತಾನೆ. ಮೂರನೆಯದರಲ್ಲಿ ಒಂದು ಸಂದು ತೆರೆಯುತ್ತಾರೆ: ಪ್ರಳಯದ ಗಳಿಗೆಯಲ್ಲಿ ಕಾಲ ಕ್ಷಣ ಮಾತ್ರ ನಿಲ್ಲುತ್ತದೆ, ಆಗ ಮಾತ್ರ ಬೇರೆ ದಾರಿ ಹಿಡಿಯಬಹುದು. ‘ಇಷ್ಟು ದಿನ ಇಲ್ಲದ್ದು ಈಗ ಎಲ್ಲಿಂದ ಬಂತು?’ ಅನ್ನುವ ಪ್ರಶ್ನೆ ನ್ಯಾಯವಾದದ್ದು. ಎರಡನೇ ಸೀಸನ್‌ನಲ್ಲೇ ಇದಕ್ಕೆ ಸರಿಯಾಗಿ ನೆಲ ಹದ ಮಾಡಿಡಬೇಕಿತ್ತು. ಈ ಎರಡೂ ಅಲ್ಲದ ಮೂರನೆಯ ಲೋಕದ ವಿಷಯವನ್ನು, ಕಾಲದಿಂದ ಕಾಲಕ್ಕೆ ಅಲೆಯುವ ಕ್ಲಾಡಿಯಾ ಬಾಯಿಬಿಟ್ಟು ವಿವರಿಸುವುದು ಕೊನೆಯ ಕಂತಿನಲ್ಲಿ, ಅದು ಬಹಳ ತಡವಾಯಿತು. ಆದರೂ ಆ ಸಂದು ಇಲ್ಲದಿದ್ದರೆ ಈ ಕಥೆ ಸುತ್ತುತ್ತಲೇ ಇರುತ್ತಿತ್ತು, ಮುಗಿಯುತ್ತಿರಲಿಲ್ಲ. ಮುಗಿಸಿದರಲ್ಲ, ಅದು ನನಗೆ ದೊಡ್ಡದು. ಬ್ರಿಟನ್‌ನ ಕಾಲಪಯಣದ ಸರಣಿ ‘ಡಾಕ್ಟರ್ ಹೂ’ 1963ರಲ್ಲಿ ಶುರುವಾಗಿದ್ದು, ನಾಯಕನ ಪಾತ್ರಕ್ಕೆ ಹೊಸ ನಟ ಬಂದಾಗೆಲ್ಲ ನೋಡುವವರು ಎರಡು ಪಕ್ಷ ಆಗುತ್ತಾರೆ, ಮುಂದಿನ ಸೀಸನ್‌ಗೆ ಎಲ್ಲ ಸರಿಹೋಗಲೂಬಹುದು. ‘ಡಾರ್ಕ್’ಗೆ ಆ ಅವಕಾಶ ಇರಲಿಲ್ಲ. ಮೂರೇ ಸೀಸನ್ ಅಂತ ಹೇಳಿದ್ದರು, ಹೇಳಿದ ಜಾಗದಲ್ಲೇ ನಿಲ್ಲಿಸಿದರು.

ಇಲ್ಲಿಂದ ಕೊನೆಯ ಮಾತು ಬರುತ್ತದೆ. ನೋಡದವರು ಈ ಪ್ಯಾರಾ ದಾಟಿ ಹೋಗಿ. ಗಡಿಯಾರ ಮಾಡುವ ಟಾನ್‌ಹೌಸ್ ಅಪಘಾತದಲ್ಲಿ ಮಗ, ಸೊಸೆ, ಪುಟ್ಟ ಮೊಮ್ಮಗಳನ್ನು ಕಳೆದುಕೊಂಡಿರುತ್ತಾನೆ. ಅವರನ್ನು ವಾಪಸ್ ತರಲು ಯಂತ್ರ ಮಾಡುತ್ತಾನೆ, ಅವನ ಲೋಕ ಒಡೆದು ಎರಡಾಗುತ್ತದೆ. ಯೋನಾಸ್ ಮತ್ತು ಮಾರ್ಥಾ ಹೋಗಿ ಆ ಅಪಘಾತ ತಪ್ಪಿಸುತ್ತಾರೆ, ತಪ್ಪಿಸಿದ್ದರಿಂದ ಇಬ್ಬರೂ ಇಲ್ಲವಾಗುತ್ತಾರೆ. ‘ಎಲ್ಲ ಅಳಿಸಿಹೋಯಿತಲ್ಲ, ಇಷ್ಟು ಹೊತ್ತು ನೋಡಿದ್ದು ದಂಡ’ ಅಂತ ಸಿಟ್ಟಾದವರು ಬಹಳ. ನನಗೆ ಹಾಗೆ ಅನ್ನಿಸಲೇ ಇಲ್ಲ. ಕ್ಲಾಡಿಯಾ ಅಷ್ಟು ಸುಳ್ಳು ಹೇಳಿದ್ದು, ಅಷ್ಟು ಕಾಲ ಅಲೆದದ್ದು ಮಗಳು ರೆಗೀನಾಳಿಗಾಗಿ. ಕೊನೆಯಲ್ಲಿ ಊಟದ ಮೇಜಿನ ಸುತ್ತ ಉಳಿದ ಆರು ಜನರಲ್ಲಿ ರೆಗೀನಾ ಇದ್ದಾಳೆ, ಕ್ಯಾನ್ಸರ್ ಇಲ್ಲದ ರೆಗೀನಾ. ಅವಳನ್ನು ಅಲ್ಲಿ ಕಂಡಾಗ ನನಗೆ ಗಂಟಲು ಕಟ್ಟಿತು. ದಂಡ ಹೇಗಾಗುತ್ತದೆ?

ನಮ್ಮ ಕಡೆಯ ಇನ್ನೊಂದು ಪ್ರತಿಕ್ರಿಯೆ ಬೇರೆಲ್ಲೂ ಕೇಳಿಲ್ಲ. ಕೈಗಾದಲ್ಲಿ ಕೆಲಸ ಮಾಡುವ, ಮಲ್ಲಾಪುರ ಟೌನ್‌ಶಿಪ್‌ನಲ್ಲಿರುವ ಗೆಳೆಯನಿಗೆ ಈ ಸರಣಿಯ ಅಣುಸ್ಥಾವರ ಕಂಡರೆ ಕೋಪ. ಅಣುತ್ಯಾಜ್ಯದ ಹಳದಿ ಪೀಪಾಯಿಗಳನ್ನು ಹಾಗೆ ಬಚ್ಚಿಟ್ಟು ಯಾರೂ ಸ್ಥಾವರ ನಡೆಸುವುದಿಲ್ಲ, ಅಪಘಾತವೂ ಹಾಗೆ ಆಗುವುದಿಲ್ಲ ಅನ್ನುತ್ತಾನೆ. ಕೈಗಾದ ನಾಲ್ಕು ಘಟಕ, ತಲಾ 220 ಮೆಗಾವ್ಯಾಟ್, ಅದರಲ್ಲಿ ಒಂದನೇ ಘಟಕ 962 ದಿನ ನಿಲ್ಲದೆ ಓಡಿ 2018ರ ಡಿಸೆಂಬರ್‌ನಲ್ಲಿ ವಿಶ್ವದಾಖಲೆ ಮಾಡಿದ್ದು, ಎಲ್ಲ ಹೇಳಿ ವಾದಿಸುತ್ತಾನೆ. ಅವನ ಕೆಲಸದ ಬಗ್ಗೆ ಅವನಿಗಿರುವ ಹೆಮ್ಮೆ ನನಗೂ ಇದೆ. ಆದರೆ ಸ್ಥಾವರದಿಂದಲೇ ಅನ್ನ ಉಣ್ಣುವ ಊರು ಅದರ ಬಗ್ಗೆ ಜೋರಾಗಿ ಮಾತಾಡಲು ಹಿಂಜರಿಯುವುದನ್ನು ಸರಣಿ ಸರಿಯಾಗಿಯೇ ಹಿಡಿದಿದೆ. ಇನ್ನೊಬ್ಬರು ಹಿರಿಯರು, ಅರ್ಗಾ ಕಡೆಯವರು. ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಆಗಿದ್ದು 1986ರ ಅಕ್ಟೋಬರ್‌ನಲ್ಲಿ, ಆಮೇಲೆ ಅವರ ಮನೆ, ತೆಂಗಿನ ತೋಟ ಎಲ್ಲ ಹೋಯಿತು. ಮೊಮ್ಮಗನ ಜೊತೆ ಕೂತು ಈ ಸರಣಿ ನೋಡಿದರಂತೆ. ಕಥೆ ಪೂರ್ತಿ ಅರ್ಥ ಆಗಲಿಲ್ಲ, 1986ರ ವಿಂಡೆನ್ ಬಂದಾಗ ಮಾತ್ರ ನಿದ್ದೆ ಬರುತ್ತಿರಲಿಲ್ಲ ಅಂದರು. ಎಲ್ಲರಿಗೂ ಹಿಂದೆ ಹೋಗಿ ಏನೋ ಸರಿ ಮಾಡಬೇಕು ಅಂತಲೇ ಇರುವುದಿಲ್ಲ, ಕೆಲವರಿಗೆ ಒಂದು ಸಲ ನೋಡಿ ಬಂದರೆ ಸಾಕು. ಒಗಟಿಗೆ ಉತ್ತರ ಹುಡುಕಿ ಕೂತವರಿಗೆ ಮೂರನೇ ಸೀಸನ್ ಕಡಿಮೆ ಅನ್ನಿಸಿತು, ಕಳೆದುಕೊಂಡವರ ಕಥೆ ಅಂತ ನೋಡಿದವರಿಗೆ ಹಿಡಿಸಿತು. ನಾನು ಕಂಡಂತೆ ಒಡಕು ಇರುವುದು ಇಲ್ಲೇ.

ಒಂದು ದೂರಿಗೆ ಮಾತ್ರ ನನ್ನಲ್ಲೂ ಸಮಾಧಾನ ಇಲ್ಲ. ಉಲ್ರಿಕ್. ಮಗನನ್ನು ಹುಡುಕಿ ಹೋದ ಅಪ್ಪ 1953ಕ್ಕೆ ಬಿದ್ದು, 33 ವರ್ಷ ಹುಚ್ಚಾಸ್ಪತ್ರೆಯಲ್ಲಿ ಕೊಳೆತು, ಮುದುಕನಾಗಿ ಅದೇ ಪುಟ್ಟ ಮಗನನ್ನು ಕಂಡು ಕೈಹಿಡಿದು ಮನೆಗೆ ಹೊರಟಾಗ ಪೊಲೀಸರು ಎಳೆದುಕೊಂಡು ಹೋಗುತ್ತಾರಲ್ಲ, ಇಡೀ ಸರಣಿಯಲ್ಲಿ ಅದಕ್ಕಿಂತ ಸಂಕಟದ ದೃಶ್ಯ ಇನ್ನೊಂದಿಲ್ಲ. ಮೂರನೇ ಸೀಸನ್‌ನಲ್ಲಿ ಅವನಿಗೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ. ಹೊಸ ಲೋಕಕ್ಕೆ ಕೊಟ್ಟ ಹೊತ್ತಿನಲ್ಲಿ ಅರ್ಧ ಗಂಟೆ ಅವನಿಗೆ ಕೊಟ್ಟಿದ್ದರೂ ಸಾಕಿತ್ತು.

ನೋಡುವುದಾದರೆ ಹೀಗೆ ನೋಡಿ. ಜರ್ಮನ್ ಧ್ವನಿಯಲ್ಲೇ ಸಬ್‌ಟೈಟಲ್ ಹಾಕಿ, ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಆ ನಟರ ಅರ್ಧ ಕೆಲಸ ಕಳೆದುಹೋಗುತ್ತದೆ. ಎರಡನೇ ಸೀಸನ್ ನೋಡಿ ವರ್ಷ ಆಗಿದ್ದರೆ ಅದರ ಕೊನೆಯ ಎರಡು ಕಂತು ಮತ್ತೆ ನೋಡಿಕೊಳ್ಳಿ. ವಂಶವೃಕ್ಷವನ್ನು ಮೊಬೈಲ್‌ನಲ್ಲಿ ಹುಡುಕಬೇಡಿ, ಕೊನೆ ಗೊತ್ತಾಗಿಬಿಡುತ್ತದೆ, ಹಾಳೆಯಲ್ಲಿ ನೀವೇ ಬರೆದುಕೊಳ್ಳಿ. ನಾಲ್ಕನೇ ಕಂತಿನವರೆಗೆ ಬೈಯುವುದಿದ್ದರೆ ಬೈಯಿರಿ, ನಿಲ್ಲಿಸಬೇಡಿ. ಏಳನೇ ಕಂತಿಗೆ ಬರುವಾಗ ಹಳೆಯ ಗಂಟುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಎಂಟನೆಯದು ಮುಗಿದ ಮೇಲೆ ಸಿಕ್ಕಾಗ ಹೇಳಿ, ಉಲ್ರಿಕ್ ವಿಷಯದಲ್ಲಿ ನೀವು ಯಾವ ಪಕ್ಷ ಅಂತ ನನಗೆ ತಿಳಿಯಬೇಕಿದೆ.