ಕೆಂಡದ ಮುಂದೆ ಎರಡನೆಯ ಸಲ

ಈಸ್ಟರ್ ಹಬ್ಬದ ಹಿಂದಿನ ದಿನ ಸಂಜೆ, ನಮ್ಮ ದೇವಾಲಯದ ಹಿಂಬದಿಯ ಚಿಕ್ಕ ಕೋಣೆಯಲ್ಲಿ ಕುಳಿತು ನಾನು ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗಾಗಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಆರಾಧನೆಯ, ಲೋಟಗಳನ್ನು ತೊಳೆಯುತ್ತೇನೆ. ಹೆಬ್ಬೆರಳಿನಷ್ಟು ಎತ್ತರದ ಗಾಜಿನ ಲೋಟಗಳು. ಮರದ ತಟ್ಟೆಯಲ್ಲಿ ಒಂದೊಂದಕ್ಕೂ ಒಂದೊಂದು ತೂತು, ತಟ್ಟೆಗೆ 40 ಲೋಟ. ಬಿಸಿನೀರಿನಲ್ಲಿ ಅದ್ದಿ ತೆಗೆದು, ಮೆತ್ತಗಾದ ಹಳೆಯ ಹತ್ತಿಬಟ್ಟೆಯನ್ನು ಕಿರುಬೆರಳಿಗೆ ಸುತ್ತಿ ಒಳಗೆ ತಿರುಗಿಸಬೇಕು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಅಂಚಿನಲ್ಲಿ ಬೆರಳಿನ ಗುರುತು ಉಳಿದಿದ್ದರೆ ಮತ್ತೆ ನೀರಿಗೆ. ಈ ಕೆಲಸ ನನಗೆ ಸಿಕ್ಕಿ ಮೂರು ವರ್ಷವಾಯಿತು. ಅದಕ್ಕೂ ಮೊದಲು ಐದು ವರ್ಷಕ್ಕೂ ಹೆಚ್ಚು ಕಾಲ ನಾನು ಈ ಲೋಟವನ್ನು ತುಟಿಗೆ ಮುಟ್ಟಿಸಿರಲಿಲ್ಲ.

ಆ ಕಥೆ ಬೆಳೆ ಹಬ್ಬದಿಂದ ಶುರುವಾಗುತ್ತದೆ. ಕರಾವಳಿಯ ನಮ್ಮ ಸಭೆಗಳನ್ನು ಬಲ್ಲವರಿಗೆ ಆ ದಿನದ ಸಡಗರ ಗೊತ್ತು. ಬಾಳೆಗೊನೆ, ತೆಂಗಿನಕಾಯಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ, ಹೀಗೆ ಮನೆಮನೆಯಿಂದ ಬಂದ ಕಾಣಿಕೆಗಳನ್ನು ಆರಾಧನೆಯ ಬಳಿಕ ಅಂಗಳದಲ್ಲಿ ಏಲಂ ಹಾಕುತ್ತಾರೆ. ಒಂದು ಸೌತೆಕಾಯಿಗೆ ಐನೂರು ರೂಪಾಯಿ ಕೂಗಿ ಕೊಂಡು, ಅದನ್ನೇ ಮತ್ತೆ ಏಲಂಗೆ ಒಪ್ಪಿಸುವವರಿದ್ದಾರೆ. ಆ ವರ್ಷ ಏಲಂನ ಹಣ ನನ್ನ ಕೈಯಲ್ಲಿತ್ತು. ಅದರಲ್ಲಿ 18,000 ರೂಪಾಯಿಯನ್ನು ನನ್ನ ಚೀಟಿಯ ಬಾಕಿಗೆ ಕಟ್ಟಿದೆ. ಎರಡೂವರೆ ತಿಂಗಳಲ್ಲಿ ಪೂರ್ತಿ ತಂದು ಸೇರಿಸಿದೆ. ಒಬ್ಬರಿಗೂ ತಿಳಿಯಲಿಲ್ಲ. ನಡುವೆ ಒಂದು ದಿನ ಖಜಾಂಚಿಯವರು, “ಬ್ಯಾಂಕಿಗೆ ಕಟ್ಟಿದೆಯೇನಪ್ಪಾ?” ಎಂದು ಕೇಳಿದರು. “ಕಟ್ಟಿದೆ” ಎಂದೆ. ಹಣವೇನೋ ಹಿಂದಕ್ಕೆ ಬಂತು, ಆ ಒಂದು ಮಾತನ್ನು ಹಿಂದಕ್ಕೆ ತರಲು ನನ್ನಿಂದಾಗಲಿಲ್ಲ.

ನಂಬಿಕೆಯ ದಾರಿಯಲ್ಲಿ ಜಾರಿ ಹಿಂದೆ ಉಳಿದವರಿಗೆ ನಮ್ಮಲ್ಲಿ ‘ಹಿಂಜಾರಿದವರು’ ಎಂಬ ಪದವಿದೆ. ಪ್ರಾರ್ಥನಾ ಕೂಟಗಳಲ್ಲಿ ರೋಗಿಗಳು, ವಿಧವೆಯರು, ಪ್ರಯಾಣಿಕರು ಎಂದು ಹೇಳುತ್ತಾ ಕೊನೆಗೆ “ಹಿಂಜಾರಿದವರಿಗಾಗಿಯೂ” ಎಂದು ಸೇರಿಸುತ್ತಾರೆ. ಆ ಪದ ಕಿವಿಗೆ ಬಿದ್ದಾಗಲೆಲ್ಲ ನನಗೆ ನಮ್ಮ ಮನೆಯ ಮುರಕಲ್ಲಿನ ಮೆಟ್ಟಿಲು ನೆನಪಾಗುತ್ತದೆ. ಆಷಾಢದ ಮಳೆಯಲ್ಲಿ ಅದಕ್ಕೆ ಪಾಚಿ ಹಿಡಿಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಲಿಟ್ಟು ಬಿದ್ದ ಮೇಲೆಯೇ ಗೊತ್ತಾಗುವುದು. ಮೊದಲು ನಾನು ಭೋಜನದ ಭಾನುವಾರ ಮಾತ್ರ ಪಕ್ಕದ ಬಾಗಿಲಿನಿಂದ ಹೊರಗೆ ಬರುತ್ತಿದ್ದೆ. ಅಯೋಗ್ಯವಾಗಿ ಆ ರೊಟ್ಟಿಯನ್ನು ತಿನ್ನಬಾರದೆಂದು ಕೊರಿಂಥದ ಸಭೆಯವರಿಗೆ ಅಪೊಸ್ತಲನಾದ ಪೌಲನು ಬರೆದ ಮಾತು ನನ್ನನ್ನು ಹೆದರಿಸುತ್ತಿತ್ತು. ಆಮೇಲೆ ಭಾನುವಾರವೇ ಕೆಲಸದ ಪಾಳಿ ಹಾಕಿಸಿಕೊಂಡೆ. ಮನೆಯಲ್ಲಿ ರಾತ್ರಿಯ ಪ್ರಾರ್ಥನೆಗೆ ಕುಳಿತರೂ ಬಾಯಿ ತೆರೆಯುತ್ತಿರಲಿಲ್ಲ. ಹೆಂಡತಿ ಒಂದೇ ಸಲ ಕೇಳಿದಳು, “ಏನಾಗಿದೆ ನಿಮಗೆ?” ಏನೂ ಇಲ್ಲ ಎಂದೆ. ಅದು ಎರಡನೆಯ ಸುಳ್ಳು.

ಐದನೆಯ ವರ್ಷ ಈಸ್ಟರ್ ದಿನ ಬೆಳಗಿನ ಜಾವ ಸ್ಮಶಾನಕ್ಕೆ ಹೋಗಿದ್ದು ಅಮ್ಮನ ಸಮಾಧಿಗೆ ಹೂವಿಡುವ ನೆಪದಿಂದ. ಪುನರುತ್ಥಾನದ ಆರಾಧನೆ ಅಲ್ಲಿಯೇ, ಸಮಾಧಿಗಳ ನಡುವೆ, ಕತ್ತಲಿರುವಾಗಲೇ ಆರಂಭವಾಗುತ್ತದೆ. ನಾನು ಗೋಡೆಯ ಬದಿಗೆ ನಿಂತಿದ್ದೆ. ಮೇಣದ ಬತ್ತಿಯ ಬೆಳಕಿನಲ್ಲಿ ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯ ಓದಿದರು. ಸುಗಂಧದ್ರವ್ಯ ಹಿಡಿದು ಯೇಸುವಿನ ಸಮಾಧಿಗೆ ಬಂದ ಹೆಂಗಸರು, ಉರುಳಿಸಿದ್ದ ಕಲ್ಲು, ಬಿಳಿ ನಿಲುವಂಗಿಯ ಯುವಕ, ಎಲ್ಲವೂ ಚಿಕ್ಕಂದಿನಿಂದ ಕೇಳಿದ್ದೇ. ಆ ಯುವಕ ಹೆಂಗಸರಿಗೆ ಹೇಳುತ್ತಾನೆ: ಹೋಗಿ ಆತನ ಶಿಷ್ಯರಿಗೂ ಪೇತ್ರನಿಗೂ ತಿಳಿಸಿರಿ.

ಪೇತ್ರನಿಗೂ. ಶಿಷ್ಯರೆಂದ ಮೇಲೆ ಪೇತ್ರನೂ ಅದರಲ್ಲಿ ಸೇರಿದನಲ್ಲ, ಬೇರೆ ಹೇಳುವುದೇಕೆ? ಯೇಸುವನ್ನು ಹಿಡಿದ ರಾತ್ರಿ, ಆತನನ್ನು ಅರಿಯೆನೆಂದು ಮೂರು ಸಲ ಹೇಳಿದ್ದವನು ಅವನು. ಹೆಸರು ಹಿಡಿದು ಹೇಳದಿದ್ದರೆ ಅವನು ಬರುತ್ತಿರಲಿಲ್ಲ, ಅದಕ್ಕೆ. ಶಿಷ್ಯರಿಗೆ ಕರೆ ಬಂದರೆ ಅದು ತನಗಲ್ಲ ಎಂದುಕೊಂಡು ಅವನು ಮೂಲೆಯಲ್ಲೇ ಉಳಿಯುತ್ತಿದ್ದ. ಇದು ನನಗೆ ಹೇಗೆ ಗೊತ್ತೆಂದರೆ, ಐದು ವರ್ಷ ನಾನೂ ಹಾಗೆಯೇ ಉಳಿದಿದ್ದೆ.

ಮಾರ್ಕನ ಸುವಾರ್ತೆಯಲ್ಲೇ ಈ ಮಾತು ಬರುತ್ತದೆ ಎಂಬುದು ಆಮೇಲೆ ನನ್ನನ್ನು ಬಹಳ ಕಾಡಿತು. ಪೇತ್ರನು ಬೋಧಿಸಿದ್ದನ್ನು ನೆನಪಿನಿಂದ ಬರೆದಿಟ್ಟವನು ಮಾರ್ಕನೆಂದು ಎರಡನೆಯ ಶತಮಾನದಿಂದಲೇ ಸಭೆ ಹೇಳುತ್ತಾ ಬಂದಿದೆ. ಹಾಗಾದರೆ ಮಹಾಯಾಜಕನ ಅಂಗಳದಲ್ಲಿ ಒಬ್ಬ ದಾಸಿಯ ಮುಂದೆ ತಾನು ಸುಳ್ಳು ಹೇಳಿ, ಕೊನೆಗೆ ಆಣೆಯನ್ನೂ ಇಟ್ಟಿದ್ದನ್ನು ಸಭೆಗೆ ಹೇಳಿದವನು ಪೇತ್ರನೇ. ಅದನ್ನು ಮುಚ್ಚಿಡಬಹುದಿತ್ತು, ಅಲ್ಲಿ ಉಳಿದ ಶಿಷ್ಯರ ಗುಂಪಿರಲಿಲ್ಲ. ಬರೆದುಕೊಂಡವನಾದರೂ ಯಾರು? ಪರಂಪರೆಯ ಪ್ರಕಾರ, ಸುವಾರ್ತೆ ಸಾರಲು ಹೊರಟ ಪೌಲ ಬಾರ್ನಬರ ಮೊದಲ ಪ್ರಯಾಣದಲ್ಲಿ ಪಂಫುಲ್ಯದಿಂದ ಅರ್ಧಕ್ಕೇ ಹಿಂದಿರುಗಿದ ಯೋಹಾನನೆಂಬ ಮಾರ್ಕ. ಅವನನ್ನು ಮತ್ತೆ ಕರೆದುಕೊಂಡು ಹೋಗುವುದು ಬೇಡವೆಂದು ಪೌಲನು ಹಟ ಹಿಡಿದು, ಬಾರ್ನಬನೊಡನೆ ಜಗಳವಾಡಿ ಬೇರೆಯಾದ. ಅದೇ ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಅವನು ನನಗೆ ಉಪಯುಕ್ತ ಎಂಬ ಮಾತು ಪೌಲನ ಹೆಸರಿನಲ್ಲಿ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿದೆ. ಬಿದ್ದವನೊಬ್ಬ ಹೇಳಿದ, ಓಡಿಹೋಗಿದ್ದವನೊಬ್ಬ ಬರೆದುಕೊಂಡ. ನಮ್ಮ ಕೈಯಲ್ಲಿರುವ ಸುವಾರ್ತೆ ಬಂದ ದಾರಿ ಅದು.

ಅದೇ ವಾರ ಸಭಾಪಾಲಕರ ಮನೆಗೆ ಹೋದೆ. ರಾತ್ರಿ ಎಂಟು ಗಂಟೆ. ಬಾಗಿಲಲ್ಲೇ ನಿಂತು, “ಅಯ್ಯನವರೇ, ಒಂದು ವಿಷಯ ಹೇಳಬೇಕಿತ್ತು” ಎಂದೆ. ಧ್ವನಿ ನಡುಗುತ್ತಿತ್ತು. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

“ಊಟ ಆಯಿತೇ?”

ಇಲ್ಲ ಎಂದೆ. “ಹಾಗಾದರೆ ಮೊದಲು ಊಟ ಮಾಡೋಣ, ಬನ್ನಿ” ಎಂದು ಒಳಗೆ ಕರೆದರು. ಕುಚ್ಚಲಕ್ಕಿ ಗಂಜಿ, ಹುರುಳಿಯ ಚಟ್ನಿ, ಹುರಿದ ಬೂತಾಯಿ ಮೀನು. ಅವರ ಪತ್ನಿ ಎರಡನೆಯ ಸಲ ಗಂಜಿ ಬಡಿಸಿದರು. ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಆದರೂ ತಿಂದೆ. ಕೈ ತೊಳೆದು ಬಂದ ಮೇಲೆ ಎಲ್ಲವನ್ನೂ ಹೇಳಿದೆ. ಅವರು ಏಕೆ ಮಾಡಿದಿರಿ ಎಂದು ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ, ಖಜಾಂಚಿಯವರಿಗೆ ನೀವೇ ಹೇಳಬೇಕು, ಕಮಿಟಿಗೂ ಹೇಳಬೇಕು, ನಾನು ಪಕ್ಕದಲ್ಲಿ ಕುಳಿತಿರುತ್ತೇನೆ ಎಂದರು. ಇದನ್ನು ಬರೆಯಲು ಕಾರಣವಿದೆ. ಕ್ಷಮೆ ಎಂದರೆ ಆದದ್ದನ್ನು ಆಗಲಿಲ್ಲವೆಂದು ಮುಚ್ಚಿಬಿಡುವುದು ಎಂಬ ಕಲ್ಪನೆ ನಮ್ಮಲ್ಲಿ ಹಲವರಿಗಿದೆ. ಅವರು ನನಗೆ ಮುಚ್ಚಳ ಕೊಡಲಿಲ್ಲ, ಜೊತೆ ಕೊಟ್ಟರು.

ಕಮಿಟಿಯಲ್ಲಿ ಎರಡು ಮಾತು ಬಂದವು. ಹಣ ಬಂದಿದೆ, ಇನ್ನೇಕೆ ಮಾತು ಎಂದರು ಒಬ್ಬ ಹಿರಿಯರು. ದೇವರ ಹಣ ಮುಟ್ಟಿದವರನ್ನು ಇಷ್ಟು ಸುಲಭವಾಗಿ ಭೋಜನದ ಮೇಜಿಗೆ ಬಿಟ್ಟರೆ ನಾಳೆ ಮಕ್ಕಳಿಗೆ ಏನು ಹೇಳುವುದು ಎಂದರು ಇನ್ನೊಬ್ಬರು. ಎರಡನೆಯವರ ಮೇಲೆ ನನಗೆ ಕೋಪ ಬರಲಿಲ್ಲ, ಇವತ್ತಿಗೂ ಇಲ್ಲ. ಅವರು ಕೇಳಿದ್ದು ಸಭೆಯ ಅತ್ಯಂತ ಹಳೆಯ ಪ್ರಶ್ನೆಗಳಲ್ಲಿ ಒಂದು.

ಕ್ರಿಸ್ತಶಕ 250ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸನ ಆಜ್ಞೆಯಂತೆ ಸಾಮ್ರಾಜ್ಯದ ಜನರು ಅಧಿಕಾರಿಗಳ ಮುಂದೆ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಿ, ಅದಕ್ಕೆ ಪ್ರಮಾಣಪತ್ರ ಪಡೆಯಬೇಕಾಯಿತು. ಈಜಿಪ್ಟಿನ ಮರಳಿನಲ್ಲಿ ಅಂಥ 40ಕ್ಕೂ ಹೆಚ್ಚು ಪಪೈರಸ್ ಕಾಗದಗಳು ಸಿಕ್ಕಿವೆ. ಒಂದರಲ್ಲಿ ಡಿಯೋಗೆನೆಸ್ ಎಂಬ 72 ವರ್ಷದ ಹಳ್ಳಿಗನ ಅರ್ಜಿ ಇದೆ. ಗುರುತು: ಬಲ ಹುಬ್ಬಿನ ಮೇಲೆ ಗಾಯದ ಕಲೆ. ನಾನು ಪಾನವನ್ನು ಅರ್ಪಿಸಿದೆ, ಬಲಿ ಕೊಟ್ಟೆ, ಬಲಿಯ ಪದಾರ್ಥವನ್ನು ರುಚಿ ನೋಡಿದೆ, ದೃಢೀಕರಿಸಿ ಎಂದು ಅವನು ಬೇಡುತ್ತಾನೆ. ಅವನು ಕ್ರೈಸ್ತನಾಗಿದ್ದನೋ ಇಲ್ಲವೋ ಆ ಕಾಗದ ಹೇಳುವುದಿಲ್ಲ. ಆದರೆ ಎಷ್ಟೋ ಕ್ರೈಸ್ತರು ಪ್ರಾಣಭಯದಿಂದ ಅಂಥದೇ ಸಾಲಿನಲ್ಲಿ ನಿಂತರು. ಕೆಲವರು ಬಲಿ ಕೊಟ್ಟರು, ಕೆಲವರು ಲಂಚ ಕೊಟ್ಟು ಕಾಗದ ಮಾತ್ರ ಪಡೆದರು. ಹಿಂಸೆ ತಗ್ಗಿದ ಮೇಲೆ ಅವರೆಲ್ಲ ಅಳುತ್ತಾ ಸಭೆಯ ಬಾಗಿಲಿಗೆ ಬಂದರು.

ಏನು ಮಾಡುವುದು? ಅವರನ್ನು ಸಭೆ ಮತ್ತೆ ಸೇರಿಸಿಕೊಳ್ಳುವಂತಿಲ್ಲ ಎಂದು ರೋಮಿನಲ್ಲಿ ನೊವಾಷಿಯನ್ ಎಂಬವನು ಬೇರೆಯೇ ಸಭೆ ಕಟ್ಟಿದ. ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯಾನನು ಸುಮ್ಮನೆ ಒಳಗೆ ಬಿಡಲು ಒಪ್ಪಲಿಲ್ಲ, ಬಾಗಿಲು ಮುಚ್ಚಲೂ ಒಪ್ಪಲಿಲ್ಲ. 251ರಲ್ಲಿ ಬಿಷಪ್ಪರು ಕೂಡಿ ಕುಳಿತು ಒಬ್ಬೊಬ್ಬರ ಸಂಗತಿಯನ್ನು ಬೇರೆ ಬೇರೆಯಾಗಿ ನೋಡಬೇಕೆಂದು ತೀರ್ಮಾನಿಸಿದರು. ಬಲಿ ಕೊಟ್ಟವರಿಗೆ ದೀರ್ಘ ಪಶ್ಚಾತ್ತಾಪ, ಸಾಯುವ ಹೊತ್ತಿಗಾದರೂ ಭೋಜನ. ಸ್ವಲ್ಪ ಕಾಲದಲ್ಲೇ ಮತ್ತೊಂದು ಹಿಂಸೆಯ ಸುಳಿವು ಬಂದಾಗ, ಪಶ್ಚಾತ್ತಾಪದಲ್ಲಿದ್ದವರೆಲ್ಲರನ್ನೂ ಕೂಡಲೇ ಸೇರಿಸಿಕೊಂಡರು. ಕ್ರಿಸ್ತನ ಪಾತ್ರೆಯನ್ನು ಅವರಿಗೆ ಕೊಡದೆ, ಕ್ರಿಸ್ತನಿಗಾಗಿ ರಕ್ತ ಸುರಿಸಿರೆಂದು ಯಾವ ಬಾಯಿಂದ ಹೇಳುವುದು ಎಂಬುದು ಅವರ ವಾದವಾಗಿತ್ತು. ಈ ವಾದವನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಅತ್ತಿದ್ದೇನೆ. ಗೆದ್ದು ಬಂದವರಿಗೆ ಬಹುಮಾನವಾಗಿ ಇಟ್ಟ ಪಾತ್ರೆ ಅದಲ್ಲ. ಇನ್ನೂ ನಡೆಯಬೇಕಾದವರಿಗೆ ಅದು ಬುತ್ತಿ.

ನಮ್ಮ ಕಮಿಟಿಯೂ ಕೊನೆಗೆ ಸುಮ್ಮನೆ ಒಳಗೆ ಬಿಡುವುದಕ್ಕೂ ಬಾಗಿಲು ಮುಚ್ಚುವುದಕ್ಕೂ ನಡುವಿನ ದಾರಿಯನ್ನೇ ಹಿಡಿಯಿತು. ಲೆಕ್ಕದ ಪುಸ್ತಕದಲ್ಲಿ ಆ ತಾರೀಕಿನ ಕೆಳಗೆ ನಡೆದದ್ದನ್ನು ನನ್ನ ಕೈಯಲ್ಲೇ ಬರೆಸಿದರು. ಒಂದು ವರ್ಷ ಯಾವ ಜವಾಬ್ದಾರಿಯೂ ಬೇಡ, ಭಾನುವಾರ ಮಾತ್ರ ತಪ್ಪಿಸಬೇಡ ಎಂದರು.

ಆ ವರ್ಷದಲ್ಲಿ ನಾನು ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯವನ್ನು ಎಷ್ಟು ಸಲ ಓದಿದೆನೋ. ಸತ್ತು ಎದ್ದ ಯೇಸು, ಮೀನು ಹಿಡಿಯಲು ಹೋಗಿದ್ದ ಪೇತ್ರನಿಗೂ ಅವನ ಜೊತೆಯವರಿಗೂ ದಡದಲ್ಲಿ ಕಾಣಿಸಿಕೊಳ್ಳುವ ಅಧ್ಯಾಯ ಅದು. ಮಲ್ಪೆಯ ಕಡೆಯ ಕಡಲ ತೀರದಲ್ಲಿ ಕೈರಂಪಣಿ ಬಲೆ ಎಳೆಯುವುದನ್ನು ನೋಡುತ್ತಾ ಬೆಳೆದವನಿಗೆ ಆ ಅಧ್ಯಾಯ ನೆರೆಮನೆಯ ಸುದ್ದಿಯಂತೆ ಕೇಳುತ್ತದೆ. ರಾತ್ರಿಯೆಲ್ಲ ಬಲೆ ಬೀಸಿ ಬರಿಗೈಯಲ್ಲಿ ಬಂದವರ ಮುಖ ನನಗೆ ಗೊತ್ತು. ಬಲೆ ಭಾರವಾದಾಗ ಹಗ್ಗ ಹಿಡಿದವರ ಕಾಲು ಮರಳಿನಲ್ಲಿ ಹೂತುಹೋಗುವುದು ಗೊತ್ತು. ಹಿಡಿದ ಮೀನನ್ನು ಎಣಿಸದೆ ಯಾವ ಬೆಸ್ತನೂ ಮನೆಗೆ ಹೋಗುವುದಿಲ್ಲ, ಆದ್ದರಿಂದ ಅಲ್ಲಿ ಬರುವ 153 ಮೀನು ಎಂಬ ಲೆಕ್ಕಕ್ಕೆ ಗೂಢಾರ್ಥ ಹುಡುಕುವ ಅಗತ್ಯ ನನಗೆಂದೂ ಕಾಣಲಿಲ್ಲ. ದಡದಲ್ಲಿ ಕೆಂಡ, ಕೆಂಡದ ಮೇಲೆ ಮೀನು, ರೊಟ್ಟಿ. ಗೆರಟೆಯ ಕೆಂಡದಲ್ಲಿ ಬಂಗುಡೆ ಸುಡುವ ವಾಸನೆ ಹತ್ತು ಮನೆಗೆ ಹೋಗುತ್ತದೆ. ಈಜಿ ಬಂದು ಒದ್ದೆ ಬಟ್ಟೆಯಲ್ಲಿ ನಿಂತ ಪೇತ್ರನಿಗೆ ಆ ಹೊಗೆ ಯಾವುದನ್ನು ನೆನಪಿಸಿರಬೇಕು!

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಕೆಂಡದ ಬೆಂಕಿ ಎಂಬ ಆ ಪದ ಎರಡೇ ಕಡೆ ಬರುತ್ತದೆ. ಒಂದು, ಮಹಾಯಾಜಕನ ಅಂಗಳದಲ್ಲಿ, ಚಳಿಗೆ ಕೈ ಕಾಯಿಸುತ್ತಾ ಪೇತ್ರನು “ನಾನಲ್ಲ” ಎಂದಲ್ಲಿ. ಇನ್ನೊಂದು, ಇಲ್ಲಿ. ಬಿದ್ದ ಜಾಗವನ್ನು ಬಳಸಿಕೊಂಡು ಹೋಗುವ ಸುತ್ತುದಾರಿ ತೋರಿಸದೆ, ಕರ್ತನು ಅವನನ್ನು ಅದೇ ಬೆಂಕಿಯ ಮುಂದೆ ತಂದು ನಿಲ್ಲಿಸಿದ. ಆದರೆ ಮೊದಲು “ಬನ್ನಿರಿ, ಊಟ ಮಾಡಿರಿ” ಎಂದು ರೊಟ್ಟಿ ತೆಗೆದು ಕೈಗೆ ಕೊಟ್ಟ. ಪ್ರಶ್ನೆ ಬಂದದ್ದು ಊಟವಾದ ಮೇಲೆ.

“ಯೋಹಾನನ ಮಗನಾದ ಸೀಮೋನನೇ, ಇವರಿಗಿಂತ ಹೆಚ್ಚಾಗಿ ನನ್ನನ್ನು ಪ್ರೀತಿಸುತ್ತೀಯೋ?” ಎಲ್ಲರೂ ನಿನ್ನನ್ನು ಬಿಟ್ಟರೂ ನಾನು ಬಿಡೆನು ಎಂದು ಎದೆ ಸೆಟೆಸಿ ಹೇಳಿದ್ದವನಿಗೆ ಆ “ಇವರಿಗಿಂತ” ಎಂಬ ಒಂದು ಪದ ಎಲ್ಲಿ ತಾಗಿತೋ. ಉತ್ತರದಲ್ಲಿ ಅವನು ಆ ಪದವನ್ನು ಮುಟ್ಟುವುದೇ ಇಲ್ಲ. ನಿನ್ನ ಮೇಲೆ ಮಮತೆ ಇದೆ, ನೀನೇ ಬಲ್ಲೆ ಎನ್ನುತ್ತಾನೆ, ಅಷ್ಟೆ. ಮೂರನೆಯ ಸಲ ಕೇಳಿದಾಗ ಅವನಿಗೆ ದುಃಖವಾಯಿತೆಂದು ಬರೆದಿದೆ. ಆ ದುಃಖದಿಂದ ಕರ್ತನು ಅವನನ್ನು ಪಾರುಮಾಡಲಿಲ್ಲ. ಎಷ್ಟು ಸಲ ಇಲ್ಲವೆಂದಿದ್ದನೋ ಅಷ್ಟೂ ಸಲ ಹೌದೆನ್ನಲು ಎಡೆ ಕೊಟ್ಟ. ಒಂದೊಂದು ಉತ್ತರದ ಹಿಂದೆಯೂ ತನ್ನ ಕುರಿಗಳನ್ನು ಅವನ ಕೈಗೆ ಒಪ್ಪಿಸಿದ. ಇನ್ನು ಮೇಲೆ ಸುಳ್ಳು ಹೇಳುವೆಯಾ ಎಂದು ಕೇಳಿದ್ದರೆ ಪೇತ್ರನು ಮತ್ತೆ ಆಣೆ ಇಡುತ್ತಿದ್ದನೇನೋ. ಪ್ರೀತಿ ಇದೆಯೋ ಎಂದಾಗ ಅವನ ಬಳಿ ಆಣೆಗೆ ಜಾಗವೇ ಉಳಿಯಲಿಲ್ಲ.

ಮುಂದಿನ ಈಸ್ಟರ್‌ಗೆ ನಾನು ಮೇಜಿನ ಮುಂದೆ ಮೊಣಕಾಲೂರಿದೆ. ಪಕ್ಕದಲ್ಲಿ ಹೆಂಡತಿ. ಲೋಟ ಹಿಡಿದ ಕೈ ನಡುಗಿ ದ್ರಾಕ್ಷಾರಸದ ಒಂದು ಹನಿ ಹೆಬ್ಬೆರಳಿನ ಮೇಲೆ ಬಿತ್ತು. ಅದನ್ನು ಒರೆಸಿಕೊಳ್ಳಲು ಮನಸ್ಸು ಬರಲಿಲ್ಲ. ಎದ್ದು ಹಿಂದಿರುಗುವಾಗ, ಮಕ್ಕಳಿಗೆ ಏನು ಹೇಳುವುದೆಂದು ಕೇಳಿದ್ದ ಆ ಹಿರಿಯರು ಬೆಂಚಿನ ತುದಿಯಿಂದ ಕೈ ಚಾಚಿ ನನ್ನ ಭುಜ ಮುಟ್ಟಿದರು. ಆರಾಧನೆ ಮುಗಿದ ಮೇಲೆ ಸಭಾಪಾಲಕರು ಈ ಕೋಣೆಯ ಬೀಗದ ಕೈ ಕೊಟ್ಟು, ಲೋಟ ತೊಳೆಯುವ ಅಜ್ಜನಿಗೆ ಕಣ್ಣು ಮಂದವಾಗಿದೆ, ಇನ್ನು ನೀವು ನೋಡಿಕೊಳ್ಳಿ ಎಂದರು.

ನಮ್ಮ ಸಭೆಯಲ್ಲಿ ಭೋಜನಕ್ಕೆ ಮೊದಲು ಪಕ್ಕದ ಬಾಗಿಲಿನಿಂದ ಹೊರಗೆ ಹೋಗುವವರು ಇಬ್ಬರಿದ್ದಾರೆ. ಅವರ ಕಾರಣ ನನಗೆ ತಿಳಿಯದು, ಕೇಳುವುದೂ ಇಲ್ಲ. ಹೋದ ವರ್ಷ ಹೊರಗಿನ ಮಾವಿನ ಮರದ ಕೆಳಗೆ ಅವರಲ್ಲಿ ಕಿರಿಯವನ ಜೊತೆ ಸುಮ್ಮನೆ ಹೋಗಿ ನಿಂತೆ, ಆಮೇಲೆ ಮನೆಗೆ ಕರೆದೊಯ್ದು ಊಟ ಹಾಕಿದೆ. ಲೋಟ ತುಂಬಿಸುವಾಗ ನಾನು ಬರುವವರ ಲೆಕ್ಕಕ್ಕಿಂತ ಎರಡು ಹೆಚ್ಚು ತುಂಬಿಸಿ ತಟ್ಟೆಯ ಅಂಚಿನಲ್ಲಿಡುತ್ತೇನೆ. ಹೋದ ಈಸ್ಟರ್‌ಗೆ ಎರಡೂ ಹಾಗೆಯೇ ಉಳಿದಿದ್ದವು. ಈ ಸಲ ಒಂದು ಉಳಿಯಿತು.