ಬೆರಳ ತುದಿಯ ತಾರತಮ್ಯ

ಪಕ್ಷಪಾತ ಮನುಷ್ಯರ ಮನಸ್ಸಿನಲ್ಲಷ್ಟೇ ಇರುತ್ತದೆ ಎನ್ನುವವರಿಗೆ ನಾನು ಪಲ್ಸ್ ಆಕ್ಸಿಮೀಟರ್ ತೋರಿಸುತ್ತೇನೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಆ ಪುಟ್ಟ ಉಪಕರಣ ಬೆರಳಿನೊಳಗೆ ಬೆಳಕು ಹಾಯಿಸಿ ರಕ್ತದ ಆಮ್ಲಜನಕವನ್ನು ಅಂದಾಜು ಮಾಡುತ್ತದೆ. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಕೂಡ ಆ ಬೆಳಕನ್ನು ಹೀರುತ್ತದೆ. 2020ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಈ ಉಪಕರಣದ ಕಣ್ಣಿಗೆ ಬೀಳದ ಆಮ್ಲಜನಕದ ಕೊರತೆ ಶ್ವೇತವರ್ಣೀಯರಿಗಿಂತ ಕಪ್ಪುವರ್ಣೀಯ ರೋಗಿಗಳಲ್ಲಿ ಸುಮಾರು 3 ಪಟ್ಟು ಹೆಚ್ಚಿತ್ತು. ಪರದೆಯ ಮೇಲೆ ಆಮ್ಲಜನಕ ಶೇ. 92ರಿಂದ 96, ರಕ್ತದಲ್ಲಿ ನಿಜಕ್ಕೂ ಇದ್ದದ್ದು ಶೇ. 88ಕ್ಕಿಂತ ಕಡಿಮೆ! ಇದಕ್ಕೆ ಯಾರ ದ್ವೇಷವೂ ಬೇಕಿಲ್ಲ. ಉಪಕರಣವನ್ನು ಪರೀಕ್ಷಿಸುವಾಗ ಬೆರಳು ಕೊಟ್ಟವರಲ್ಲಿ ತಿಳಿಬಣ್ಣದವರೇ ಹೆಚ್ಚಿದ್ದರೆ ಸಾಕು. ನನ್ನ ಅಮ್ಮನದು ಕಡುಗಪ್ಪು ಬಣ್ಣ. ಅವಳಿಗೆ ಏದುಸಿರು ಬಂದರೆ, ಅಂಕಿ ಎಷ್ಟೇ ಇರಲಿ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯುತ್ತೇನೆ.